ಪಹಣಿಗೆ ಬಾರದ ಪಾಲು

ಸರ್ವೆಯವರು ಅಳತೆಗೆ ಬಂದ ದಿನ ಅಣ್ಣತಮ್ಮಂದಿರ ನಡುವೆ ಜಗಳ ಹತ್ತುವುದು ಹೆಚ್ಚಾಗಿ ಎಕರೆ ಗುಂಟೆಗಳಿಗಲ್ಲ. ಬದುವಿನ ಮೇಲಿನ ಒಂದು ಹಲಸಿನ ಮರಕ್ಕೆ, ಬೋರ್‌ವೆಲ್ಲಿನ ಹಳೇ ಮೋಟರಿಗೆ, ಕೊಟ್ಟಿಗೆಗೆ ಹೋಗುವ ನಾಲ್ಕಡಿ ದಾರಿಗೆ. ಜಮೀನು ಎರಡೆಕರೆ ಹತ್ತು ಗುಂಟೆ, ತಲಾ ಒಂದೆಕರೆ ಐದು ಗುಂಟೆ. ಅದರಲ್ಲಿ ಯಾರಿಗೂ ತಕರಾರಿಲ್ಲ. ಹನ್ನೊಂದು-ಇ ನಕ್ಷೆಗೆ ದುಡ್ಡು ಕಟ್ಟಿಯಾಗಿದೆ. ಬೆಂಗಳೂರಿನಿಂದ ಬಂದ ತಮ್ಮ ಮರದ ನೆರಳಲ್ಲಿ ನಿಂತು, ‘ಈ ಮರ ನನ್ ಭಾಗಕ್ಕೆ ಬರ್ತದಲ್ವಾ?’ ಎಂದು ಸುಮ್ಮನೆ ಕೇಳುತ್ತಾನೆ. ಊರಲ್ಲೇ ಉಳಿದ ಅಣ್ಣ ಟವಲ್ಲನ್ನು ಹೆಗಲಿಗೆ ಎಸೆದುಕೊಂಡು, ‘ನೀರು ಹುಯ್ದು ಬೆಳೆಸ್ದೋನು ನಾನು, ಹಣ್ಣು ತಿನ್ನಕ್ ಬಂದೋನು ನೀನು’ ಎನ್ನುತ್ತಾನೆ. ಅಲ್ಲಿಂದ ಮುಂದೆ ಮರದ ಮಾತೇ ಇರುವುದಿಲ್ಲ. ಯಾರನ್ನು ಹಾಸ್ಟೆಲಿಗೆ ಹಾಕಿ ಓದಿಸಿದರು, ಯಾರನ್ನು ಎಸ್ಸೆಸ್ಸೆಲ್ಸಿಗೇ ಬಿಡಿಸಿ ನೇಗಿಲು ಹಿಡಿಸಿದರು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಯಾರು ಕೂತರು, ಯಾರ ಮದುವೆಗೆ ಸಾಲವಾಯಿತು, ಯಾವ ಸೊಸೆಗೆ ಅವ್ವ ಸರ ಕೊಟ್ಟಳು, ಎಲ್ಲವೂ ಹೊರಗೆ ಬರುತ್ತದೆ. ಅಳತೆಯವರು ಸಾಮಾನು ಕಟ್ಟಿಕೊಂಡು ಹೊರಡುತ್ತಾರೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸೀಮೆಯಲ್ಲಿ ಇಂಥದೊಂದು ಬೆಳಗನ್ನು ಕಾಣದ ಊರು ವಿರಳ. ಮೇಲೆ ಹೇಳಿದ್ದು ಯಾವುದೋ ಒಂದು ಮನೆಯ ಕಥೆಯಲ್ಲ. ಹಲವು ಮನೆಗಳ ಮಾತನ್ನು ಒಂದೆಡೆ ಸೇರಿಸಿದ್ದು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂದು ಒಂದು ಗಾದೆ ಹೇಳಿ ನಾವು ಈ ವಿಷಯವನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ, ವಯಸ್ಸಿಗೆ ತಲೆ ನರೆಯುವ ಹಾಗೆ ಇದೂ ತಾನಾಗಿ ಬರುವಂಥದ್ದು ಎಂಬಂತೆ. ನನಗೆ ಹಾಗನ್ನಿಸುವುದಿಲ್ಲ. ನಲವತ್ತು ಐವತ್ತು ದಾಟಿದ ಒಡಹುಟ್ಟಿದವರ ಹೊಟ್ಟೆಕಿಚ್ಚಿಗೆ ಕಾರಣಗಳಿರುತ್ತವೆ, ಹುಡುಕಿದರೆ ಸಿಗುತ್ತವೆ. ಬಹಳ ಸಲ ಸಿಗುವ ಕಾರಣ ಇದು: ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಬಾಯಿಬಿಟ್ಟು ಒಪ್ಪಿಕೊಂಡೇ ಇಲ್ಲ. ಪಹಣಿಯಲ್ಲಿ ವಿಸ್ತೀರ್ಣಕ್ಕೆ ಕಾಲಂ ಇದೆ, ಬೆಳೆಗೆ ಇದೆ, ಋಣಕ್ಕೆ ಇದೆ. ಈ ಪಾಲಿಗೆ ಇಲ್ಲ.

ಈ ಸೀಮೆಯ ರೈತರ ಮನೆಗಳಲ್ಲಿ ಹಿಂದಿನ ತಲೆಮಾರು ತೆಗೆದುಕೊಂಡ ತೀರ್ಮಾನವೊಂದು ಹೆಚ್ಚುಕಡಿಮೆ ಒಂದೇ ಥರ ಇತ್ತು. ಮಕ್ಕಳಲ್ಲಿ ಒಬ್ಬನನ್ನು ಓದಿಸುವುದು, ಒಬ್ಬನನ್ನು ಹೊಲಕ್ಕೆ ಇಟ್ಟುಕೊಳ್ಳುವುದು, ಹೆಣ್ಣುಮಗಳನ್ನು ಮದುವೆ ಮಾಡಿ ಕಳಿಸುವುದು. ಹಾಸನದಲ್ಲಿ 1960ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಓದುವ ಮಗನಿಗೆ ದಾರಿ ಇತ್ತು. ಎಲ್ಲರನ್ನೂ ಓದಿಸುವಷ್ಟು ದುಡ್ಡಿರಲಿಲ್ಲ, ಎಲ್ಲರೂ ಹೊರಟರೆ ಹೊಲ ನೋಡುವವರಿರಲಿಲ್ಲ. ಅಪ್ಪಂದಿರು ಕೆಟ್ಟ ಮನಸ್ಸಿನಿಂದ ಹೀಗೆ ಮಾಡಲಿಲ್ಲ. ಆದರೆ ಹತ್ತು ಹನ್ನೆರಡನೇ ವಯಸ್ಸಿನಲ್ಲಿ ಯಾರದೋ ಬಾಯಿಂದ ಬಂದ ‘ಇವ್ನಿಗೆ ವಿದ್ಯೆ ಹತ್ತಲ್ಲ’ ಎಂಬ ಒಂದು ಮಾತಿನ ಮೇಲೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ಬದುಕು ಎರಡು ದಿಕ್ಕಿಗೆ ಹೋಯಿತು. ಆ ಮಾತನ್ನು ಆಮೇಲೆ ಯಾರೂ ತೆಗೆದು ನೋಡಲಿಲ್ಲ.

ಉಳಿದವನ ಬದುಕು ಎಂಥದೆಂದು ಹೋದವನಿಗೆ ಗೊತ್ತಿದೆಯೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಗೊತ್ತಿರುವುದಿಲ್ಲ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಮನೆಗಳನ್ನು ನೋಡಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಹದ ಮಾಡುವ ಮನೆಯಾದ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಶಾಖ ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಬೆಲೆ ಬೀಳುತ್ತದೆ. ಆ ರಾತ್ರಿಗಳಲ್ಲಿ ಒಬ್ಬ ಸೌದೆ ಹಾಕುತ್ತಾ ಕೂತಿದ್ದ, ಇನ್ನೊಬ್ಬ ಬೆಂಗಳೂರಿನಲ್ಲಿ ಪರೀಕ್ಷೆಗೆ ಓದುತ್ತಾ ಕೂತಿದ್ದ. ಇಬ್ಬರೂ ನಿದ್ದೆಗೆಟ್ಟಿದ್ದರು. ಪರೀಕ್ಷೆ ಬರೆದವನಿಗೆ ಅಂಕಪಟ್ಟಿ ಬಂತು. ಮುಂದೆ ಪಾಲಾಗುವ ಹೊತ್ತಿಗೆ ಇನ್ನೊಂದು ತೊಡಕು: ತಂಬಾಕು ಮಂಡಳಿಯ ಲೈಸೆನ್ಸ್ ಇರುವುದು ಒಬ್ಬರ ಹೆಸರಿನಲ್ಲಿ, ಹೊಸದು ಸುಲಭಕ್ಕೆ ಸಿಗುವುದಿಲ್ಲ. ಜಮೀನನ್ನು ಎರಡು ಭಾಗ ಮಾಡಬಹುದು, ಬ್ಯಾರನ್ನನ್ನು ಮಾಡಲಾಗದು. ಲೈಸೆನ್ಸ್ ಉಳಿಸಿಕೊಂಡವನನ್ನು ಕಂಡು ಇನ್ನೊಬ್ಬನ ಮನಸ್ಸು ಕೆಡುತ್ತದೆ.

ಚನ್ನರಾಯಪಟ್ಟಣದ ಕಡೆ ತೆಂಗು. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಅಷ್ಟೂ ಕಾಲ ಅಟ್ಟ ನೋಡಿಕೊಂಡವನು ಒಬ್ಬ. ಬೆಂಬಲ ಬೆಲೆಗೆ ಮಾರಲು ನೋಂದಾಯಿಸುವಾಗ ಲೆಕ್ಕಕ್ಕೆ ಬರುವುದು ಪಹಣಿಯಲ್ಲಿರುವ ಹೆಸರು. ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದ್ದರೆ, ಪೌತಿ ಖಾತೆಗೆ ಎಲ್ಲ ವಾರಸುದಾರರೂ ಒಂದೆಡೆ ಸೇರಬೇಕು. ಸೇರಿದ ದಿನವೇ ಹಳೆಯದೆಲ್ಲ ಏಳುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಜಗಳಕ್ಕೆ ಹೆದರಿಯೇ ಖಾತೆ ಬದಲಾಯಿಸದೆ ವರ್ಷಗಟ್ಟಲೆ ಕಳೆಯುತ್ತಾರೆ, ಜಗಳ ಅಷ್ಟರಮಟ್ಟಿಗೆ ಬಲಿಯುತ್ತಾ ಹೋಗುತ್ತದೆ.

ಇನ್ನು ಅದೃಷ್ಟದ ಮಾತು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾಲೆ ಬಂದ ಮೇಲೆ ಹೊಳೆನರಸೀಪುರದ ಸುತ್ತ ನೀರು ಹತ್ತಿದ ಜಮೀನಿನ ಬೆಲೆಯೇ ಬೇರೆ, ನೀರು ಹತ್ತದ ಮೇಲಿನ ಹೊಲದ ಬೆಲೆಯೇ ಬೇರೆ ಆಯಿತು. ಅದಕ್ಕೆ ಮುಂಚೆ ಭಾಗವಾಗಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಗದ್ದೆಗಾರನಾದ, ಇನ್ನೊಬ್ಬ ರಾಗಿ ಹುರುಳಿಯಲ್ಲೇ ಉಳಿದ. ಆಮೇಲೆ ಹಾಸನ–ಬೆಂಗಳೂರು ಹೆದ್ದಾರಿ ಅಗಲವಾಯಿತು, ಹಾಸನದ ಸುತ್ತ ಬಡಾವಣೆಗಳೆದ್ದವು. ರಸ್ತೆಗೆ ಹೊಂದಿಕೊಂಡ ಕಲ್ಲು ಹೊಲ, ಯಾರಿಗೂ ಬೇಡವಾಗಿ ಹಿರಿಯನ ತಲೆಗೆ ಕಟ್ಟಿದ್ದು, ಸೈಟಿನ ಬೆಲೆಗೆ ಹೋಯಿತು. ಪಾಲು ಮಾಡಿದ ದಿನ ಇದನ್ನು ಯಾರೂ ಕಂಡಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ. ಆದರೂ ಮನಸ್ಸು ಹಾಗೆ ಓದುವುದಿಲ್ಲ. ‘ನಮ್ಮಣ್ಣ ಆಗ್ಲೇ ಎಲ್ಲ ತಿಳ್ಕೊಂಡೇ ಆ ಭಾಗ ಇಟ್ಕೊಂಡ’ ಎಂದು ಓದುತ್ತದೆ. ಅದೃಷ್ಟವನ್ನು ದ್ವೇಷಿಸಲು ಬರುವುದಿಲ್ಲ, ಅಣ್ಣನನ್ನು ದ್ವೇಷಿಸಲು ಬರುತ್ತದೆ.

ಊರಿನ ಸಾಹುಕಾರನ ಮಗ ಮೂರಂತಸ್ತಿನ ಮನೆ ಕಟ್ಟಿದರೆ ನಮಗೆ ನಿದ್ದೆ ಕೆಡುವುದಿಲ್ಲ. ತಮ್ಮ ಒಂದು ಮಹಡಿ ಏರಿಸಿದರೆ ಕೆಡುತ್ತದೆ. 1954ರಲ್ಲಿ ಲಿಯಾನ್ ಫೆಸ್ಟಿಂಜರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂತೆಯೇ ಇರುವವರ ಪಕ್ಕದಲ್ಲಿ ನಿಂತು ಎಂದು ವಾದಿಸಿದ. ಅಬ್ರಹಾಂ ಟೆಸ್ಸರ್ ಎಂಬಾತ ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದ: ಹತ್ತಿರದವರ ಗೆಲುವು ನಾವು ಬೆಲೆ ಕೊಡುವ ಕ್ಷೇತ್ರದಲ್ಲೇ ಆದರೆ ಚುಚ್ಚುತ್ತದೆ, ಬೇರೆ ಕ್ಷೇತ್ರದಲ್ಲಾದರೆ ಹೆಮ್ಮೆ ತರುತ್ತದೆ. ಹಾಸನದ ಸಂತೆಪೇಟೆಯಲ್ಲಿ ಅಕ್ಕಪಕ್ಕ ಒಂದೇ ಥರದ ಅಂಗಡಿ ಇಟ್ಟ ಅಣ್ಣತಮ್ಮಂದಿರಿಗಿಂತ, ಒಬ್ಬ ಅಂಗಡಿ ಇಟ್ಟು ಇನ್ನೊಬ್ಬ ಮೇಷ್ಟ್ರಾದ ಮನೆಯಲ್ಲಿ ಮಾತುಕತೆ ಹೆಚ್ಚು ದಿನ ಉಳಿಯುವುದಕ್ಕೆ ಇದೂ ಒಂದು ಕಾರಣ. ಇದನ್ನು ತಿಳಿದರೆ ಏನು ಉಪಯೋಗ ಎಂದು ಕೇಳಬಹುದು. ಒಂದು ಉಪಯೋಗವಿದೆ: ಹೊಟ್ಟೆಕಿಚ್ಚು ಬಂದ ಮಾತ್ರಕ್ಕೆ ನಾನು ಕೆಟ್ಟವನು ಎಂದು ಹೆದರಬೇಕಾಗಿಲ್ಲ. ಹೆದರಿಕೆಯಿಂದಲೇ ಜನ ಅದನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟದ್ದು ನ್ಯಾಯದ ಮಾತಿನ ವೇಷದಲ್ಲಿ, ಹಲಸಿನ ಮರದ ಲೆಕ್ಕದಲ್ಲಿ ಆಚೆ ಬರುತ್ತದೆ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಹತ್ತಿರದ್ದು ಅನ್ನಿಸುತ್ತದೆ. 1979ರಲ್ಲಿ ಕೆನಡಾದಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಇಬ್ಬರು ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೇಳಿದರು: ಅಡಿಗೆ, ಸ್ವಚ್ಛತೆ, ಮಕ್ಕಳ ಆರೈಕೆ, ಇವುಗಳಲ್ಲಿ ನಿಮ್ಮ ಪಾಲೆಷ್ಟು? ಇಬ್ಬರ ಉತ್ತರ ಕೂಡಿಸಿದಾಗ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ನೂರನ್ನು ಮೀರಿತು. ಯಾರೂ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ನೆನಪಿನಲ್ಲಿ ಬೇಗ ಸಿಗುತ್ತದೆ, ಇನ್ನೊಬ್ಬರು ಮಾಡಿದ್ದು ಸಿಗುವುದಿಲ್ಲ, ಅಷ್ಟೆ. ಒಂದೇ ಸೂರಿನ ಕೆಳಗಿರುವ ಗಂಡಹೆಂಡಿರ ಲೆಕ್ಕವೇ ಹೀಗಾದರೆ, ಒಬ್ಬ ಅರಕಲಗೂಡಿನಲ್ಲೂ ಒಬ್ಬ ರಾಜಾಜಿನಗರದಲ್ಲೂ ಕೂತು ಅವ್ವನನ್ನು ಯಾರು ನೋಡಿಕೊಂಡರು ಎಂದು ಲೆಕ್ಕ ಹಾಕಿದರೆ ಎಷ್ಟಾಗಬೇಡ. ಊರಲ್ಲಿದ್ದವನಿಗೆ ನೆನಪಿರುವುದು ಕೈಹಿಡಿದು ಬಚ್ಚಲಿಗೆ ಕರೆದೊಯ್ದ ರಾತ್ರಿಗಳು. ಬೆಂಗಳೂರಿನವನಿಗೆ ನೆನಪಿರುವುದು ಆಸ್ಪತ್ರೆಯ ಬಿಲ್ಲು, ರಜೆ ಸಿಗದೆ ಕಣ್ಣೀರಿಟ್ಟ ದಿನ. ಇಬ್ಬರ ಲೆಕ್ಕವೂ ನಿಜ, ಎರಡೂ ಅರ್ಧ.

ಇದೇ ಸೀಮೆಯಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಅಣ್ಣತಮ್ಮಂದಿರ ಮತ್ಸರದ ಕಥೆಯೊಂದು ಬೆಟ್ಟದ ಮೇಲೆ ನಿಂತಿದೆ. ಕ್ರಿ.ಶ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಕಡೆಸಿದ 58 ಅಡಿಯ ಬಾಹುಬಲಿ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ, ಈಚಿನದು 2018ರ ಫೆಬ್ರವರಿಯಲ್ಲಿ. ಇಡೀ ಜಿಲ್ಲೆಯವರು ಶಾಲೆಯ ಪ್ರವಾಸಕ್ಕಾದರೂ ಒಮ್ಮೆ ಆ ಮೆಟ್ಟಿಲು ಹತ್ತಿರುತ್ತಾರೆ. ಕಾಳಗದಲ್ಲಿ ಅಣ್ಣ ಭರತನನ್ನು ಎತ್ತಿ ಹಿಡಿದ ತಮ್ಮ ಬಾಹುಬಲಿಗೆ ವೈರಾಗ್ಯ ಬಂತು, ರಾಜ್ಯ ಬಿಟ್ಟು ತಪಸ್ಸಿಗೆ ನಿಂತ, ಎಂಬಲ್ಲಿಗೆ ನಮ್ಮ ನೆನಪು ನಿಲ್ಲುತ್ತದೆ. ಒಡಹುಟ್ಟಿದವರ ವಿಷಯದಲ್ಲಿ ಆ ಕಥೆ ಹೇಳುವ ಮುಖ್ಯ ಮಾತುಗಳು ಅದರ ಹಿಂದೆ ಮತ್ತು ಮುಂದೆ ಇವೆ.

ಹಿಂದಿನದು ಮೊದಲು. ತಂದೆ ಆದಿನಾಥ ತಪಸ್ಸಿಗೆ ಹೋಗುವ ಮುಂಚೆಯೇ ಪಾಲು ಮಾಡಿಕೊಟ್ಟಿದ್ದ. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ, ಉಳಿದ ತಮ್ಮಂದಿರಿಗೂ ಅವರವರ ನಾಡು. ಪಾಲಿನ ತಕರಾರು ಇರಲಿಲ್ಲ. ಭರತ ಆರು ಖಂಡ ಗೆದ್ದು ಊರಿಗೆ ಬಂದಾಗ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲ, ಹಾಗಾಗಿ ಗೆಲುವು ಪೂರ್ತಿಯಾಗಿಲ್ಲ ಎಂದು ಪುರೋಹಿತರು ಹೇಳಿದರು. ನಾನು ಈ ಕಡೆಯ ಮನೆಗಳನ್ನು ನೋಡುವಾಗ ಆ ನಿಂತ ಚಕ್ರ ನೆನಪಾಗುತ್ತದೆ. ಓದಿ ಬೆಳೆದ ತಮ್ಮನನ್ನು ಊರೆಲ್ಲ ಸಾಹೇಬರೇ ಎನ್ನುತ್ತದೆ, ಕಚೇರಿಯಲ್ಲಿ ಸಲಾಮು ಬೀಳುತ್ತದೆ, ಆದರೆ ಊರಿಗೆ ಬಂದಾಗ ಅಣ್ಣ ಒಂದು ಮಾತು ‘ಚೆನ್ನಾಗ್ ಬೆಳೆದೆ ಕಣ್ಲಾ’ ಎನ್ನದಿದ್ದರೆ ಅದೆಲ್ಲ ಅರೆಬರೆ. ಗೆದ್ದವನಿಗೂ ಹೊಟ್ಟೆಕಿಚ್ಚು ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಉಳಿದವನು ಮಾತ್ರ ಕರುಬುತ್ತಾನೆ, ಬೆಳೆದವನು ದೊಡ್ಡ ಮನಸ್ಸಿನಿಂದ ಇರುತ್ತಾನೆ ಎಂದುಕೊಳ್ಳುತ್ತೇವೆ. ಆರು ಖಂಡದ ಒಡೆಯನಿಗೆ ತಮ್ಮನ ಒಂದು ನಮಸ್ಕಾರ ಬೇಕಾಗಿತ್ತು.

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಸೈನ್ಯಗಳು ಸಾಯುವುದು ಬೇಡವೆಂದು ಮಂತ್ರಿಗಳು ಹೇಳಿದ ಮೇಲೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಮೇಲು. ಭರತ ತಡೆಯಲಾರದೆ ಚಕ್ರ ಬಿಟ್ಟ, ಅದು ಬಾಹುಬಲಿಯನ್ನು ಮುಟ್ಟಲಿಲ್ಲ. ತಮ್ಮ ಎಲ್ಲವನ್ನೂ ಬಿಟ್ಟು ಕಾಡಿಗೆ ಹೋಗಿ ನಿಂತ. ವರ್ಷವಿಡೀ ನಿಂತ. ಹುತ್ತ ಬೆಳೆಯಿತು, ಬಳ್ಳಿ ತೊಡೆಗೆ, ತೋಳಿಗೆ ಹಬ್ಬಿತು. ಶಿಲ್ಪಿ ಅದನ್ನೇ ಕಡೆದಿದ್ದಾನೆ. ಆದರೆ ಕೇವಲಜ್ಞಾನ ಬರಲಿಲ್ಲ. ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ನನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಸಂಕಟವೆಂದು ಒಂಬತ್ತನೇ ಶತಮಾನದ ಜಿನಸೇನರ ಸಂಸ್ಕೃತ ಆದಿಪುರಾಣ ಹೇಳುತ್ತದೆ. ನಿಂತಿರುವ ಈ ನೆಲವೂ ಅಣ್ಣನದೇ ಅಲ್ಲವೆ ಎಂಬ ಚುಚ್ಚು ಎಂದು ಜನ ಹೇಳುತ್ತಾರೆ. ರಾಜ್ಯವನ್ನೇ ಬಿಟ್ಟವನಿಗೆ ಎರಡು ಪಾದದಷ್ಟು ನೆಲದ ಲೆಕ್ಕ ಬಿಡಲಿಲ್ಲ ಎಂಬ ಈ ಎರಡನೆಯ ಮಾತನ್ನು ನಮ್ಮ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಮುಳ್ಳು ತಾನಾಗಿ ಹೋಗಲಿಲ್ಲ. ಭರತ ನಡೆದು ಬಂದ, ತಮ್ಮನ ಕಾಲಿಗೆ ಎರಗಿದ, ಆಗ ಹೋಯಿತು. ಮನಸ್ಸನ್ನು ಗಟ್ಟಿ ಮಾಡಿಕೋ, ಕ್ಷಮಿಸಿಬಿಡು, ಮರೆತುಬಿಡು ಎಂದು ನೊಂದವರಿಗೇ ಹೇಳುತ್ತಾ ಕೂರುವವರು ಈ ಭಾಗವನ್ನು ಗಮನಿಸಬೇಕು. ಬಾಹುಬಲಿಯಂಥ ಬಾಹುಬಲಿಗೇ ಒಬ್ಬನಿಂದ ಆಗಲಿಲ್ಲ. ಎದುರಿನವನು ಬಂದು ಒಪ್ಪಿಕೊಳ್ಳಬೇಕಾಯಿತು. ಪಂಪ 941ರಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದ. ಹದಿನಾರನೇ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವದಲ್ಲಿ ಅದನ್ನು ತಿರುಗಿಸಿ ಬರೆದು, ಅಣ್ಣತಮ್ಮಂದಿರ ಕಾಳಗದ ಜಾಗದಲ್ಲಿ ಅಣ್ಣನ ಮೆದು ಮಾತನ್ನು ಇಟ್ಟ. ಆರುನೂರು ವರ್ಷದ ನಂತರವೂ ಒಬ್ಬ ಕನ್ನಡದ ಕವಿಗೆ ಆ ಯುದ್ಧ ನಡೆಯಬಾರದಿತ್ತು ಅನ್ನಿಸಿತ್ತು ಎಂಬುದು ನನಗೆ ಬಹಳ ಹಿಡಿಸುತ್ತದೆ. ವಿಂಧ್ಯಗಿರಿ ಹತ್ತುವಾಗ ಅಖಂಡ ಬಾಗಿಲಿನ ಎರಡು ಪಕ್ಕದಲ್ಲಿ ಎರಡು ಚಿಕ್ಕ ಗುಡಿಗಳಿವೆ. ಒಂದರಲ್ಲಿ ಬಾಹುಬಲಿ, ಇನ್ನೊಂದರಲ್ಲಿ ಭರತ. ತುದಿಯ ಮೂರ್ತಿಯನ್ನು ನೋಡುವ ಅವಸರದಲ್ಲಿ ಜನ ಅವನ್ನು ದಾಟಿ ಹೋಗುತ್ತಾರೆ. ಮುಂದಿನ ಸಲ ಹೋದಾಗ ನಿಂತು ನೋಡಿ. ಅಣ್ಣನಿಗೂ ಅಲ್ಲಿ ಜಾಗ ಕೊಟ್ಟಿದ್ದಾರೆ.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. ಇದುವರೆಗೆ ಅಣ್ಣತಮ್ಮ ಎಂದೇ ಬರೆದೆ, ಏಕೆಂದರೆ ನಮ್ಮ ಪಂಚಾಯಿತಿ ಕಟ್ಟೆಯಲ್ಲಿ ಇಂದಿಗೂ ಹಾಗೆಯೇ ಮಾತು ನಡೆಯುತ್ತದೆ. ಕಾನೂನು ಎಂದೋ ಮುಂದೆ ಹೋಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಮಗನ ಸಮನಾದ ಹಕ್ಕನ್ನು ಕರ್ನಾಟಕ 1994ರ ಜುಲೈ 30ರಿಂದಲೇ ಕೊಟ್ಟಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾಗಿ ಇಲ್ಲವೇ ಕೋರ್ಟಿನ ಮೂಲಕ ಮುಗಿದ ವಿಭಾಗಗಳನ್ನು ಮಾತ್ರ ತೆರೆಯುವಂತಿಲ್ಲ.

ಕಾನೂನು ಹೀಗಿದ್ದರೂ ನಡೆಯುವುದೇನು? ಪಾಲುಪತ್ರದ ದಿನ ಅಕ್ಕನಿಗೆ ಫೋನು ಬರುತ್ತದೆ: ‘ಒಂದ್ ಸೈನ್ ಹಾಕ್ಬುಟ್ ಹೋಗಕ್ಕ, ಎಲ್ಲ ರೆಡಿ ಅದೆ.’ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೋ ಸಹಿಯೋ ಬೀಳುತ್ತದೆ. ಹೋಟೆಲಿನಲ್ಲಿ ಊಟ, ಒಂದು ಸೀರೆ. ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ನಿಲ್ಲುತ್ತದೆ, ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆ ಅವಳಿಗೆ. ಕೇಳಿದವಳಿಗೆ ‘ಆಸೆಬುರುಕಿ’ ಎಂಬ ಹೆಸರು. ಅವಳು ಮಾತಾಡದೆ ಇದ್ದದ್ದನ್ನು ಒಪ್ಪಿಗೆ ಎಂದುಕೊಂಡ ತಮ್ಮಂದಿರು ಹತ್ತು ವರ್ಷದ ಮೇಲೆ ಅವಳ ಮಾತು ಯಾಕೆ ಇಷ್ಟು ಚುಚ್ಚುತ್ತದೆ ಎಂದು ಆಶ್ಚರ್ಯಪಡುತ್ತಾರೆ. ಇದನ್ನು ಹೊಟ್ಟೆಕಿಚ್ಚು ಎಂದು ಕರೆಯುವುದು ಅನ್ಯಾಯ. ಅದು ಕೊಡದೆ ಉಳಿಸಿಕೊಂಡ ಬಾಕಿ. ಅಕ್ಕ ಪಾಲು ಬೇಡವೆನ್ನಬಹುದು, ಅದು ಅವಳ ಇಷ್ಟ. ಆದರೆ ಅವಳ ಪಾಲು ಎಷ್ಟು ಎಂದು ಮೊದಲು ಅವಳೆದುರು ಲೆಕ್ಕ ಹಾಕಿ ಹೇಳಬೇಕು, ಯೋಚಿಸಲು ದಿನ ಕೊಡಬೇಕು. ಆಮೇಲೆ ಅವಳು ಬಿಟ್ಟುಕೊಟ್ಟರೆ, ಬಿಟ್ಟುಕೊಟ್ಟದ್ದು ಏನೆಂದು ಎಲ್ಲರಿಗೂ ತಿಳಿದಿರುತ್ತದೆ.

ಸೊಸೆಯರ ಮೇಲೆ ಹೊರೆ ಹಾಕುವ ಅಭ್ಯಾಸದ ಬಗ್ಗೆ ಒಂದು ಮಾತು. ‘ಚೆನ್ನಾಗೇ ಇದ್ರು, ಹೆಂಡ್ರು ಬಂದ್ಮೇಲೆ ಕೆಟ್ರು’ ಎಂಬುದನ್ನು ಕೇಳದ ಮನೆಯಿಲ್ಲ. ಉಳಿದವನ ಹೆಂಡತಿ ಅತ್ತೆಯ ಮಲಮೂತ್ರ ಬಳಿದಿರುತ್ತಾಳೆ, ಹೋದವನ ಹೆಂಡತಿ ಹಬ್ಬಕ್ಕೆ ಬಂದು ಹೊಗಳಿಸಿಕೊಂಡಿರುತ್ತಾಳೆ. ಮೊದಲನೆಯವಳು ಕಂಡದ್ದನ್ನು ಹೇಳಿದರೆ ಮನೆ ಒಡೆದವಳು ಎಂಬ ಪಟ್ಟ. ಬಿರುಕು ಅವಳು ಬರುವ ಎಷ್ಟೋ ವರ್ಷ ಮುಂಚಿನದು; ಅವಳು ಅದನ್ನು ಹೊಸ ಕಣ್ಣಿನಿಂದ ನೋಡಿ ಹೇಳಿದಳು.

ಹೆತ್ತವರು ಇನ್ನೂ ಇದ್ದಾರೆಂದರೆ ಬಹಳ ಕೆಲಸ ಅವರ ಕೈಯಲ್ಲಿದೆ. ಅಮೆರಿಕದಲ್ಲಿ ಕಾರ್ಲ್ ಪಿಲ್ಲೆಮರ್ ಮತ್ತು ಜಿಲ್ ಸೂಟರ್ ಎಂಬ ಸಂಶೋಧಕರು ವಯಸ್ಸಾದ ತಾಯಂದಿರನ್ನೂ ಅವರ ನಡುವಯಸ್ಸಿನ ಮಕ್ಕಳನ್ನೂ ವರ್ಷಾನುಗಟ್ಟಲೆ ಮಾತಾಡಿಸಿದ್ದಾರೆ. ತಾಯಿ ಭೇದ ಮಾಡುತ್ತಾಳೆ ಎಂಬ ಭಾವನೆ ಇದ್ದ ಮನೆಗಳಲ್ಲಿ ಮಕ್ಕಳಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು, ಮುದ್ದಿನ ಮಗುವೆನಿಸಿಕೊಂಡವರಲ್ಲೂ. ಇನ್ನೊಂದು ವಿಚಿತ್ರ ಸಂಗತಿ, ತಾಯಿಗೆ ಯಾರು ಹೆಚ್ಚು ಹತ್ತಿರ ಎಂದು ಮಕ್ಕಳು ಊಹಿಸಿದ್ದು ಬಹಳ ಸಲ ತಪ್ಪಾಗಿತ್ತು. ಅಂದರೆ ಮನೆಯಲ್ಲಿ ಜನ ಎಷ್ಟೋ ವರ್ಷ ಕೊರಗುವುದು ಬಹಳ ಸಲ ತಪ್ಪಾಗಿ ಊಹಿಸಿಕೊಂಡ ಭೇದಕ್ಕೆ. ಹೇಳಿ ತಿಳಿಸಿದರೆ ಹೋಗುವಂಥದ್ದು ಹೇಳದೆ ಉಳಿಯುತ್ತದೆ.

ಹಾಗಾಗಿ ಅಪ್ಪ ಅವ್ವಂದಿರು ಆಸ್ತಿಯ ಮಾತನ್ನು ತಾವಿರುವಾಗಲೇ, ಹನ್ನೊಂದನೇ ದಿನದ ಕಾರ್ಯಕ್ಕೆ ಬಿಡದೆ, ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಆಡುವುದು ಒಳ್ಳೆಯದು. ಎಷ್ಟು ಎಂಬುದರ ಜೊತೆಗೆ ಯಾಕೆ ಎಂಬುದನ್ನೂ ಹೇಳಬೇಕು. ‘ನಿನ್ನನ್ನ ಓದಿಸ್ಲಿಲ್ಲ ಕಣಪ್ಪ, ಆವಾಗ ಕೈಲಾಗ್ಲಿಲ್ಲ. ನೀನು ದಡ್ಡ ಅಂತಲ್ಲ’ ಎಂದು ಎಪ್ಪತ್ತೈದರ ಅಪ್ಪ ಐವತ್ತರ ಮಗನಿಗೆ ಹೇಳಿದರೆ ಅದು ಅರ್ಧ ಎಕರೆಗಿಂತ ದೊಡ್ಡದು. ದಾನಪತ್ರ ಬರೆಯುವವರು ಒಂದು ಎಚ್ಚರ ವಹಿಸಬೇಕು: ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಪಡೆದವರು ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಹೋಗಿ ಅದನ್ನು ರದ್ದು ಮಾಡಿಸಬಹುದು.

ಹೆತ್ತವರು ಹೋಗಿಯಾಗಿದೆ, ಮಾತು ಬಿಟ್ಟು ವರ್ಷಗಳಾಗಿವೆ ಎನ್ನುವವರು ಎಲ್ಲಿಂದ ಶುರು ಮಾಡಬೇಕು? ನನ್ನ ಮಟ್ಟಿಗೆ ಮೊದಲ ಕೆಲಸ ಒಬ್ಬರೇ ಕೂತು ಮಾಡುವಂಥದ್ದು. ನನಗೆ ನಿಜವಾಗಿ ಏನು ಬೇಕಾಗಿತ್ತು? ಅವನ ಕಾರೇ, ಅವನ ಸಂಬಳವೇ, ಇಲ್ಲಾ ಅಪ್ಪ ಅವನ ಹೆಸರು ಹೇಳುವಾಗ ದನಿಯಲ್ಲಿರುತ್ತಿದ್ದ ಹೆಮ್ಮೆಯೇ? ಮೂರನೆಯದಾದರೆ ಪಾಲಿನ ಜಮೀನು ಎಷ್ಟು ಬಂದರೂ ಸಮಾಧಾನವಾಗುವುದಿಲ್ಲ, ಕೇಸು ಗೆದ್ದರೂ ಆಗುವುದಿಲ್ಲ. ಎರಡನೆಯದು, ಅವನು ಮಾಡಿದ್ದನ್ನು ನೆನಪಿಗೆ ತಂದುಕೊಳ್ಳುವುದು. ಇದು ಕಷ್ಟ, ನಮ್ಮ ನೆನಪು ನಮ್ಮ ಪರ ವಕಾಲತ್ತು ಹಾಕುತ್ತದೆ. ಆಮೇಲೆ ಹೋಗಿ ಮಾತಾಡುವುದು. ತನ್ನ ದೂರು ಹಿಡಿದುಕೊಂಡು ಹೋಗಬಾರದು, ಅವನ ಬಾಕಿ ತೀರಿಸಲು ಹೋಗಬೇಕು. ‘ಅಣ್ಣ, ಅವ್ವನ ಆಪರೇಷನ್‌ಗೆ ದುಡ್ ಕಳ್ಸ್ದೆ ಅಂತ ಊರ್ಗೆಲ್ಲ ಹೇಳ್ಕೊಂಡೆ. ರಾತ್ರಿಯೆಲ್ಲ ಎದ್ ಕೂತಿದ್ದೋನು ನೀನು. ಒಂದಿನಾನೂ ನಾನ್ ಅದ್ನ ಹೇಳ್ಲಿಲ್ಲ.’ ಇಷ್ಟು ಹೇಳಿ ಉತ್ತರಕ್ಕೆ ಕಾಯದೆ ಬಂದರೂ ಸರಿ. ಅಣ್ಣ ಆ ದಿನ ಸುಮ್ಮನಿರಬಹುದು, ‘ಈಗ್ ಬಂದ್ಯಾ ಹೇಳಕ್ಕೆ’ ಎಂದು ರೇಗಬಹುದು. ರೇಗಲಿ. ಆ ರೇಗು ಇಪ್ಪತ್ತು ವರ್ಷದ್ದು.

ಇಂಥ ಮಾತನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಆಡಬೇಡಿ. ತಿಥಿಯ ದಿನ, ಮದುವೆಯ ಮನೆಯಲ್ಲಿ, ಕುಡಿದಾಗ ಬೇಡವೇ ಬೇಡ. ಅವ್ವನ ಮಾತ್ರೆಯ ಮಾತನ್ನು ಜಮೀನಿನ ಮಾತಿಗೆ ಬೆರೆಸಬೇಡಿ. ಎರಡಕ್ಕೂ ಬೇರೆ ದಿನ ಇಟ್ಟುಕೊಳ್ಳಿ. ಮಕ್ಕಳ ಅಂಕದ ಹೋಲಿಕೆಯನ್ನು ಇಂದೇ ನಿಲ್ಲಿಸಬಹುದು. ನಮ್ಮ ಹೋಲಿಕೆಯನ್ನು ಅವರಿಗೆ ಪಾಲಾಗಿ ಕೊಡುವುದು ಬೇಡ.

ಎಲ್ಲ ಮನೆಯಲ್ಲೂ ಇದು ಕೂಡಿಬರುವುದಿಲ್ಲ. ಕೈ ಮಾಡುವ, ಹೆದರಿಸುವ, ಸಹಿ ಕದಿಯುವ ಒಡಹುಟ್ಟಿದವರಿರುತ್ತಾರೆ. ಅಂಥವರಿಂದ ದೂರ ನಿಲ್ಲುವುದರಲ್ಲಿ ತಪ್ಪಿಲ್ಲ, ರಕ್ತಸಂಬಂಧದ ಹೆಸರಿನಲ್ಲಿ ಹೊಡೆತ ತಿನ್ನಬೇಕಾಗಿಲ್ಲ. ಕೋರ್ಟಿಗೆ ಹೋಗುವುದೇ ಆದರೆ ಮೊದಲು ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು; ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ, ಮೇಲ್ಮನವಿಯ ಅಲೆದಾಟವಿಲ್ಲ. ಒಳಗಿನ ಉರಿ ನಿದ್ದೆ ಊಟ ಕೆಡಿಸುವ ಮಟ್ಟಕ್ಕೆ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ.

ಪಾಲುಪತ್ರ ಬರೆಸಲು ಹೊರಟಿರುವವರಿಗೆ ಒಂದು ಸಲಹೆ. ತಾಯಿಯ ಜೀವನಾಂಶಕ್ಕೆಂದು ಇಷ್ಟು ಗುಂಟೆ ಬಿಟ್ಟಿದೆ ಎಂದು ಬರೆಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅದರ ಮೇಲೆ ಇನ್ನೆರಡು ಸಾಲು ಬರೆಸಿ: ತಂದೆಯ ಕೊನೆಗಾಲದಲ್ಲಿ ಇಂಥ ಮಗ, ಇಂಥ ಸೊಸೆ ಜೊತೆಗಿದ್ದು ನೋಡಿಕೊಂಡರು, ಇಂಥ ಮಗ ಆಸ್ಪತ್ರೆಯ ಖರ್ಚು ಕೊಟ್ಟ, ಇಂಥ ಮಗಳು ತನ್ನ ಪಾಲು ಎಷ್ಟೆಂದು ತಿಳಿದು ತನ್ನಿಷ್ಟದಿಂದ ಬಿಟ್ಟುಕೊಟ್ಟಳು, ಅಥವಾ ತೆಗೆದುಕೊಂಡಳು. ಇದರಿಂದ ಯಾರ ಹಕ್ಕೂ ಹೆಚ್ಚುಕಡಿಮೆಯಾಗುವುದಿಲ್ಲ. ಸಹಿಗೆ ಮುಂಚೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವಾಗ ಈ ಸಾಲುಗಳೂ ಎಲ್ಲರ ಕಿವಿಗೆ ಬೀಳಲಿ. ಪತ್ರ ಬರಹಗಾರರಿಗೆ ಹೇಳಿದರೆ ಸೇರಿಸಿಕೊಡುತ್ತಾರೆ.